‘ಓನ್ಲಿ’ ವಾಕ್ಯದ ಕೊನೆಗೆ ಬರಬಹುದೇ?

ಪ್ರಶ್ನೆ: ನಾನು ಹುಬ್ಬಳ್ಳಿಯ ಒಂದು ಸಗಟು ಅಂಗಡಿಯಲ್ಲಿ ಪತ್ರವ್ಯವಹಾರ ನೋಡಿಕೊಳ್ಳುತ್ತೇನೆ. ‘ವಿ ಸೆಂಟ್ ದ ಗೂಡ್ಸ್ ಯೆಸ್ಟರ್ಡೇ ಓನ್ಲಿ’ ಎಂದು ನಾನು ಬರೆದ ವಾಕ್ಯದಲ್ಲಿ ‘ಓನ್ಲಿ’ ತಪ್ಪು ಜಾಗದಲ್ಲಿದೆ ಎಂದು ಮುಂಬೈಯ ಗಿರಾಕಿಯೊಬ್ಬರು ಹೇಳಿದರು. ಅದನ್ನು ಎಲ್ಲಿ ಬರೆಯಬೇಕು?

ಉತ್ತರ: ‘ಓನ್ಲಿ’ಯನ್ನು ಅದು ಯಾವ ಪದಕ್ಕೆ ಸಲ್ಲಬೇಕೋ ಆ ಪದದ ಹಿಂದೆಯೇ, ಅಂದರೆ ಅದಕ್ಕಿಂತ ಮೊದಲು ಬರೆಯುವುದು ಬರವಣಿಗೆಯಲ್ಲಿ ಸುರಕ್ಷಿತ. ಆದರೆ ನಿಮ್ಮ ವಾಕ್ಯದ ತೊಡಕು ಜಾಗದ್ದಲ್ಲ. ಆ ವಾಕ್ಯಕ್ಕೆ ‘ಓನ್ಲಿ’ ಬೇಕಾಗಿಯೇ ಇರಲಿಲ್ಲ.

ನೀವು ಮನಸ್ಸಿನಲ್ಲಿಟ್ಟುಕೊಂಡಿದ್ದ ಕನ್ನಡ ವಾಕ್ಯ ‘ಸರಕು ನಿನ್ನೆಯೇ ಕಳಿಸಿದ್ದೇವೆ’ ಎಂಬುದಾಗಿರಬೇಕು. ಶಾಲೆಯ ವ್ಯಾಕರಣದಲ್ಲಿ ಅವಧಾರಣೆ ಎಂದು ಓದಿದ ಈ ‘ಏ’ಕಾರ ಎರಡು ಕೆಲಸ ಮಾಡುತ್ತದೆ. ಕೆಲವೊಮ್ಮೆ ಅದು ಉಳಿದದ್ದನ್ನೆಲ್ಲ ಹೊರಗಿಡುತ್ತದೆ, ಕೆಲವೊಮ್ಮೆ ಏನನ್ನೂ ಹೊರಗಿಡದೆ ಹೇಳಿದ್ದಕ್ಕೆ ಒತ್ತು ಕೊಡುತ್ತದೆ. ಧಾರವಾಡದವರು ಫೋನಿನಲ್ಲಿ ‘ನಾ ಇಲ್ಲೇ ಅದೀನ್ರಿ’ ಎನ್ನುವಾಗ ಬೇರೆ ಊರುಗಳ ಪ್ರಸ್ತಾಪವೇ ಅಲ್ಲಿರುವುದಿಲ್ಲ. ಇಂಗ್ಲಿಷಿನ ‘ಓನ್ಲಿ’ಗೆ ಇಂಥ ಬರಿಯ ಒತ್ತಿನ ಕೆಲಸ ಇಲ್ಲ, ಅದು ‘ಇಷ್ಟು ಮಾತ್ರ, ಬೇರೆಯದಲ್ಲ’ ಎಂದು ಗೆರೆ ಎಳೆಯುತ್ತದೆ. ಆದ್ದರಿಂದ ಒತ್ತಿನ ‘ಏ’ಕಾರ ಬಂದಲ್ಲೆಲ್ಲ ‘ಓನ್ಲಿ’ ಹಾಕುವ ನಮ್ಮ ರೂಢಿಯನ್ನು ಬರವಣಿಗೆಯಲ್ಲಾದರೂ ಬಿಡಬೇಕು. ‘ಐ ಲಿವ್ ಇನ್ ಧಾರವಾಡ್ ಓನ್ಲಿ’ ಎಂಬುದು ಆಡುಮಾತಿನಲ್ಲಿ ನಮ್ಮವರಿಗೆ ಅರ್ಥವಾಗುತ್ತದೆ. ಅರ್ಜಿಯಲ್ಲಿ ‘ಐ ಲಿವ್ ಇನ್ ಧಾರವಾಡ್’ ಎಂದರೆ ಸಾಕು.

ಈಗ ನಿಮ್ಮ ಗಿರಾಕಿಯ ಮಾತಿನಂತೆ ಜಾಗವನ್ನಷ್ಟೇ ಬದಲಿಸಿ ‘ವಿ ಸೆಂಟ್ ದ ಗೂಡ್ಸ್ ಓನ್ಲಿ ಯೆಸ್ಟರ್ಡೇ’ ಎಂದು ಬರೆದಿರೆಂದುಕೊಳ್ಳಿ. ವ್ಯಾಕರಣ ಸರಿಯಾಗುತ್ತದೆ, ಅರ್ಥ ತಿರುವುಮುರುವಾಗುತ್ತದೆ. ಕಾಲಸೂಚಕ ಪದದ ಮುಂಚೆ ಬಂದ ‘ಓನ್ಲಿ’ಗೆ ‘ಅದಕ್ಕಿಂತ ಮೊದಲು ಆಗಲಿಲ್ಲ’ ಎಂಬ ಧ್ವನಿಯಿದೆ. ಅದು ಕನ್ನಡದ ‘ನಿನ್ನೆಯಷ್ಟೇ’. ‘ನಿನ್ನೆಯೇ ಕಳಿಸಿದ್ದೇವೆ’ ಎಂದು ನೀವು ನಿಮ್ಮ ಚುರುಕುತನವನ್ನು ತಿಳಿಸಲು ಹೊರಟಿದ್ದರೆ, ಓದಿದವರಿಗೆ ‘ನಿನ್ನೆಯವರೆಗೂ ಕಳಿಸಿರಲಿಲ್ಲ’ ಎಂಬ ತಪ್ಪೊಪ್ಪಿಗೆ ಕಾಣುತ್ತದೆ. ಸರಕು ತಡವಾಯಿತೆಂದು ತಕರಾರು ಎದ್ದಾಗ ಈ ವ್ಯತ್ಯಾಸ ಸಣ್ಣದಲ್ಲ. ನಿಮಗೆ ಬೇಕಾದದ್ದು ‘ವಿ ಸೆಂಟ್ ದ ಗೂಡ್ಸ್ ಯೆಸ್ಟರ್ಡೇ’. ಒತ್ತು ಬೇಕೇ ಬೇಕೆಂದರೆ ‘ಸೆಂಟ್’ ಪದದ ಮುಂಚೆ ‘ಆಲ್ರೆಡಿ’ ಸೇರಿಸಬಹುದು.

ನಿಜವಾಗಿಯೂ ‘ಮಾತ್ರ’ ಎಂಬ ಅರ್ಥ ಬೇಕಾದಾಗ ಜಾಗದ ಪ್ರಶ್ನೆ ಬರುತ್ತದೆ. ಹಾವೇರಿ ಜಿಲ್ಲೆಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರು ‘ಓನ್ಲಿ ವಿ ಸೆಲ್ ಬ್ಯಾಡಗಿ ಚಿಲ್ಲೀಸ್’ ಎಂದು ಬರೆದರೆ, ಬ್ಯಾಡಗಿ ಮೆಣಸಿನಕಾಯಿಯನ್ನು ಮಾರುವವರು ತಾವೊಬ್ಬರೇ ಎಂದಂತಾಯಿತು. ‘ವಿ ಸೆಲ್ ಓನ್ಲಿ ಬ್ಯಾಡಗಿ ಚಿಲ್ಲೀಸ್’ ಎಂದರೆ ಬೇರೆ ಯಾವ ಸರಕನ್ನೂ ತಾವು ಮಾರುವುದಿಲ್ಲ ಎಂದರ್ಥ. ‘ವಿ ಓನ್ಲಿ ಸೆಲ್ ಬ್ಯಾಡಗಿ ಚಿಲ್ಲೀಸ್’ ಎಂಬಲ್ಲಿ ಎರಡರ್ಥ ಸೇರಿಕೊಂಡಿವೆ: ಬ್ಯಾಡಗಿ ಬಿಟ್ಟು ಬೇರೆಯದನ್ನು ಮಾರುವುದಿಲ್ಲ ಎಂದೂ ಆಗಬಹುದು, ಮಾರುವುದಷ್ಟೇ ತಮ್ಮ ಕೆಲಸ, ಬೆಳೆಯುವುದಾಗಲಿ ಪುಡಿ ಮಾಡುವುದಾಗಲಿ ಅಲ್ಲ ಎಂದೂ ಆಗಬಹುದು. ಮಾತನಾಡುವವರು ದನಿಯ ಏರಿಳಿತದಿಂದ ಇವೆರಡನ್ನು ಬೇರೆ ಮಾಡುತ್ತಾರೆ, ಕಾಗದದ ಮೇಲೆ ಆ ದನಿ ಇರುವುದಿಲ್ಲ.

ಹಾಗೆಂದು ಕ್ರಿಯಾಪದದ ಮುಂಚೆ ಬಂದ ಪ್ರತಿಯೊಂದು ‘ಓನ್ಲಿ’ಯನ್ನೂ ಕೆಂಪು ಶಾಯಿಯಲ್ಲಿ ತಿದ್ದುವ ಶಿಕ್ಷಕರ ಮಾತನ್ನು ನಾನು ಒಪ್ಪುವುದಿಲ್ಲ. ‘ಐ ಓನ್ಲಿ ಹ್ಯಾವ್ ಟೂ ಕಾಪೀಸ್’ ಎಂಬ ವಾಕ್ಯವನ್ನು ಯಾರೂ ತಪ್ಪಾಗಿ ತಿಳಿಯುವುದಿಲ್ಲ. ಇಂಗ್ಲಿಷ್ ಬಳಕೆಯ ಬಗ್ಗೆ 1926ರಲ್ಲಿ ಬರೆದ ಎಚ್. ಡಬ್ಲ್ಯು. ಫೌಲರ್ ಕೂಡ, ಅರ್ಥಕ್ಕೆ ಕುಂದಿಲ್ಲದ ಕಡೆ ಇಂಥ ಸಹಜ ಪದಕ್ರಮವನ್ನು ಖಂಡಿಸುವವರ ವಿರುದ್ಧವೇ ವಾದಿಸಿದ್ದರು. ಆದರೂ ಕರಾರು, ಟೆಂಡರು, ಔಷಧದ ಸೂಚನೆ ಮುಂತಾದವುಗಳಲ್ಲಿ ಸಂದೇಹಕ್ಕೆ ಎಡೆ ಕೊಡದಿರುವುದೇ ಮೇಲು.

ವಾಕ್ಯ ‘ಓನ್ಲಿ’ಯಿಂದಲೇ ಶುರುವಾದಾಗ ಇನ್ನೊಂದು ನಿಯಮವಿದೆ, ಪರೀಕ್ಷೆಗೆ ಓದುವವರು ಇದನ್ನು ಹೆಚ್ಚಾಗಿ ಮರೆಯುತ್ತಾರೆ. ಗದಗ ಮತ್ತು ಹಾವೇರಿ 1997ರಲ್ಲಿ ಧಾರವಾಡದಿಂದ ಬೇರೆಯಾಗಿ ಜಿಲ್ಲೆಗಳಾದವು. ಇದನ್ನು ‘ಗದಗ್ ಬಿಕೇಮ್ ಎ ಡಿಸ್ಟ್ರಿಕ್ಟ್ ಓನ್ಲಿ ಇನ್ 1997’ ಎಂದು ಬರೆಯಬಹುದು. ಕಾಲವನ್ನು ಮುಂದೆ ತಂದರೆ ‘ಓನ್ಲಿ ಇನ್ 1997 ಡಿಡ್ ಗದಗ್ ಬಿಕಮ್ ಎ ಡಿಸ್ಟ್ರಿಕ್ಟ್’ ಎಂದು, ಪ್ರಶ್ನೆ ಕೇಳುವಾಗಿನಂತೆ ಸಹಾಯಕ ಕ್ರಿಯಾಪದವನ್ನು ಕರ್ತೃವಿಗಿಂತ ಮೊದಲು ತರಬೇಕು. ‘ಓನ್ಲಿ’ ಕರ್ತೃಪದಕ್ಕೇ ಸೇರಿದ್ದರೆ ಈ ಅದಲುಬದಲು ಇಲ್ಲ: ‘ಓನ್ಲಿ ಟೂ ಸ್ಟೂಡೆಂಟ್ಸ್ ಕೇಮ್’.

ಆದರೆ ವಾಕ್ಯವಲ್ಲದ ಸೂಚನೆಗಳಲ್ಲಿ ಕೊನೆಯ ‘ಓನ್ಲಿ’ ಪೂರ್ತಿ ಸರಿ. ‘ಲೇಡೀಸ್ ಓನ್ಲಿ’, ‘ಸ್ಟಾಫ್ ಓನ್ಲಿ’ ಎಂಬ ಫಲಕಗಳನ್ನು ತಿದ್ದಬೇಕಿಲ್ಲ. ಚೆಕ್ಕಿನಲ್ಲಿ ‘ರೂಪೀಸ್ ಫೈವ್ ಥೌಸಂಡ್ ಓನ್ಲಿ’ ಎಂದು ಬರೆಯುವುದಂತೂ, ಮೊತ್ತದ ಮುಂದೆ ಬೇರೆಯವರು ಪದ ಸೇರಿಸದಂತೆ ತಡೆಯಲು. ಅಲ್ಲಿ ಅದನ್ನು ಕೊನೆಯಲ್ಲೇ, ಮೊತ್ತಕ್ಕೆ ತಾಗಿಕೊಂಡಂತೆ ಬರೆಯಿರಿ.