ಸ್ಟೇ ಬೇಕು ಸರಿ, ಹೊಲ ಈಗ ಯಾರ ಕೈಯಲ್ಲಿದೆ?

ಜಮೀನಿನ ತಕರಾರು ಹೊತ್ತು ಬರುವವರು ಮೊದಲು ಕೇಳುವುದೇ ಸ್ಟೇ, ಅಂದರೆ ಕೋರ್ಟಿನ ತಾತ್ಕಾಲಿಕ ತಡೆಯಾಜ್ಞೆ. ತಾತನ ಕಾಲದ ಕ್ರಯಪತ್ರ, ಪಹಣಿ, ಮ್ಯುಟೇಷನ್ (ಖಾತೆ ಬದಲಾವಣೆಯ ದಾಖಲೆ) ಎಲ್ಲ ಮೇಜಿನ ಮೇಲೆ ಹರಡುತ್ತಾರೆ. "ಈಗ ಉಳುತ್ತಿರೋದು ಯಾರು?" ಎಂದರೆ ಮಾತ್ರ ತಡವರಿಸುತ್ತಾರೆ.

ದಯವಿಟ್ಟು ಇದೊಂದನ್ನು ಗಮನಿಸಿ. 'ನನ್ನ ಹೊಲಕ್ಕೆ ಅವರು ಬರದಂತೆ ತಡೆಯಿರಿ' ಎಂದು ಕೇಳಿದಾಗ ಕೋರ್ಟು ಮುಖ್ಯವಾಗಿ ನೋಡುವುದು, ದಾವಾ ಹಾಕಿದ ದಿನ ಸ್ವಾಧೀನ ಯಾರದಿತ್ತು ಎಂಬುದನ್ನು. ಜಮೀನು ಯಾರದು ಎಂಬ ತೀರ್ಪು ಆ ಹಂತದಲ್ಲಿ ಬರುವುದಿಲ್ಲ. ಅದಕ್ಕೆ ಸಾಕ್ಷಿ ವಿಚಾರಣೆ ಆಗಬೇಕು. ಸ್ಟೇ ಸಿಕ್ಕಿದರೆ ಜಮೀನು ನಿಮ್ಮದಾಯಿತು ಅಂತಲ್ಲ, ಸಿಗದಿದ್ದರೆ ಕೈತಪ್ಪಿತು ಅಂತಲೂ ಅಲ್ಲ. ಎದುರಿನವರು ಆಗಲೇ ರಾಗಿ ಬಿತ್ತಿ ಕೂತಿದ್ದರೆ, ಬರಬೇಡಿ ಎಂದು ಹೇಳಿ ಏನು ಪ್ರಯೋಜನ, ಅಲ್ವಾ? ಆಗ ಜಮೀನು ನಮ್ಮದೆಂದು ಕೋರ್ಟು ಸಾರುವ ಹಕ್ಕು ಘೋಷಣೆ ಕೇಳಬೇಕು, ಸ್ವಾಧೀನ ವಾಪಸ್ ಕೇಳಬೇಕು. ಜೊತೆಗೆ, ದಾವಾ ಮುಗಿಯುವವರೆಗೆ ಮಾರಬಾರದು, ಕಟ್ಟಡ ಕಟ್ಟಬಾರದು ಎಂಬ ತಾತ್ಕಾಲಿಕ ತಡೆಯಾಜ್ಞೆ ಕೇಳಬಹುದು. ಹಕ್ಕಿನ ಬಗ್ಗೆಯೇ ನಿಜವಾದ ತಕರಾರಿದ್ದರೆ ಬರೀ ತಡೆಯಾಜ್ಞೆಯ ದಾವಾ ಸಾಲದು ಎಂದು ಸುಪ್ರೀಂ ಕೋರ್ಟು 2008ರ ಅನತುಲ ಸುಧಾಕರ್ ಪ್ರಕರಣದಲ್ಲಿ ಬಿಡಿಸಿ ಹೇಳಿದೆ.

ಪಹಣಿ ಇದೆಯಲ್ಲ ಎನ್ನುತ್ತೀರಿ. ನಮ್ಮ ಕರ್ನಾಟಕ ಭೂಕಂದಾಯ ಕಾಯ್ದೆಯ 133ನೇ ಕಲಮಿನಂತೆ, ತಪ್ಪೆಂದು ತೋರಿಸುವವರೆಗೆ ಪಹಣಿಯ ನಮೂದು ಸರಿಯೆಂದೇ ಲೆಕ್ಕ. ಆದರೆ ಪಹಣಿಯಾಗಲಿ ಮ್ಯುಟೇಷನ್ ಆಗಲಿ ತಾನೇ ಹಕ್ಕು ಕೊಡುವುದಿಲ್ಲ.

ಒಬ್ಬ ಅಜ್ಜಿ ಬಂದಿದ್ದರು. ಪಕ್ಕದ ಹೊಲದವರು ಇವರ ಜಮೀನಿಗೆ ಬೇಲಿ ಹಾಕಿಕೊಂಡು ಎರಡು ತಿಂಗಳಾಗಿತ್ತು. "ನಾನೇ ಉಳ್ತಿದೀನಿ ಅಂತ ಬರೆದುಬಿಡಪ್ಪ, ಊರಲ್ಲಿ ಎಲ್ರೂ ಹಂಗೇ ಹೇಳ್ತಾರೆ" ಎಂದರು. ಆ ಊರಿನವರ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅಫಿಡವಿಟ್‌ನಲ್ಲಿ ಗೊತ್ತಿದ್ದೂ ಸುಳ್ಳು ಬರೆದು, ಎದುರಿನವರಿಗೆ ನೋಟಿಸ್ ಹೋಗುವ ಮೊದಲೇ ಸ್ಟೇ ಪಡೆದರೆ, ಸಿವಿಲ್ ಪ್ರಕ್ರಿಯಾ ಸಂಹಿತೆಯ 39ನೇ ಆದೇಶದ 4ನೇ ನಿಯಮದಡಿ ಅದು ಸಾಮಾನ್ಯವಾಗಿ ರದ್ದಾಗುತ್ತದೆ. ಆಮೇಲೆ ನಿಮ್ಮ ನಿಜವಾದ ಮಾತನ್ನೂ ನಂಬುವುದು ಕಷ್ಟ. ಅಜ್ಜಿಗೆ ಬೇರೆ ದಾರಿ ಇತ್ತು. ಕಾನೂನು ಬಿಟ್ಟು ಹೊರಹಾಕಿದವರ ಮೇಲೆ 6 ತಿಂಗಳೊಳಗೆ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಡಿ ದಾವಾ ಹಾಕಿದರೆ, ಹಕ್ಕಿನ ಚರ್ಚೆಯಿಲ್ಲದೆ ಸ್ವಾಧೀನ ವಾಪಸ್ ಕೇಳಬಹುದು. ಸರ್ಕಾರದ ವಿರುದ್ಧ ಮಾತ್ರ ಈ ದಾರಿ ಇಲ್ಲ.

ಪ್ರತಿ ಪ್ರಕರಣವೂ ಬೇರೆ, ಕಾಗದ ನೋಡದೆ ಯಾರೂ ಖಚಿತ ಹೇಳಲಾರರು. ವಕೀಲರ ಹತ್ತಿರ ಹೋಗುವಾಗ ಕ್ರಯಪತ್ರದ ಜೊತೆ ಪಹಣಿಯ ಸಾಗುವಳಿ ಕಾಲಂ, ಕಂದಾಯದ ರಸೀದಿ, ಪಂಪ್‌ಸೆಟ್ ಬಿಲ್ಲು, ಬೆಳೆಯ ಫೋಟೋ ಒಯ್ಯಿರಿ. ಸ್ವಾಧೀನ ತಪ್ಪಿದ್ದರೆ ಯಾವ ದಿನ ಎಂಬುದನ್ನು ಮರೆಯದೆ ಹೇಳಿ.