ಗ್ರಾವೆಲ್ ತೆಗೆದ ಹೊಂಡ ಕೆರೆಯಾದೀತೇ?

ಪ್ರಶ್ನೆ: ಹೊಸನಗರ ಕಡೆ ನಮ್ಮ ಜಮೀನಿನ ಮೂಲೆಯಲ್ಲಿ ರಸ್ತೆಗೆಂದು ಗ್ರಾವೆಲ್ ತೆಗೆದ ಅರ್ಧ ಎಕರೆ ಹೊಂಡ ಇದೆ. ಮಳೆಗಾಲದಲ್ಲಿ ತುಂಬುತ್ತದೆ, ದೀಪಾವಳಿ ಕಳೆದು ತಿಂಗಳಾಗುವುದರೊಳಗೆ ಖಾಲಿ. ಹಕ್ಕಿ, ಕಪ್ಪೆ, ಕಾಡುಪ್ರಾಣಿಗಳಿಗೆ ಬೇಸಿಗೆಯಲ್ಲೂ ನೀರು ಸಿಗುವಂತೆ ಮಾಡಬಹುದೇ?

ಉತ್ತರ: ಮಾಡಬಹುದು. ಆದರೆ ಜೆಸಿಬಿ ಕರೆಸುವ ಮೊದಲು ತಳ ನೋಡಿ. ನಮ್ಮ ಕಡೆ ಗ್ರಾವೆಲ್ ಅಂದರೆ ಹೆಚ್ಚಾಗಿ ಜಂಬಿಟ್ಟಿಗೆಯ ಜಾತಿ. ಅದರ ಮೈಯೆಲ್ಲ ತೂತು, ಮಳೆ ನಿಂತ ಮೇಲೆ ನೀರು ಬಹಳ ದಿನ ನಿಲ್ಲದು. ಇನ್ನೂ ಕೆಳಗಿನ ಬಿಳಿ, ಗುಲಾಬಿ ಬಣ್ಣದ ಶೇಡಿಮಣ್ಣಿನಲ್ಲಿ ಸೋರಿಕೆ ಕಡಿಮೆ. ಆದರೆ ಶೇಡಿಯನ್ನು ನಂಬುವಂತಿಲ್ಲ, ನೆನೆದರೆ ಕುಸಿಯುತ್ತದೆ.

ಮಳೆ ನಿಂತ ಮೇಲೆ ಗುರುತು ಹಾಕಿದ ಕೋಲು ನೆಟ್ಟು ಹತ್ತು ದಿನ ಬಿಡಿ. ಬಿಸಿಲಿಗೆ ಆರುವುದು ದಿನಕ್ಕೆ ಸುಮಾರು 4-5 ಮಿ.ಮೀ., ಹತ್ತು ದಿನಕ್ಕೆ ಎರಡು ಇಂಚಿನೊಳಗೆ. ಅದಕ್ಕಿಂತ ಹೆಚ್ಚು ಇಳಿದದ್ದೆಲ್ಲ ಸೋರಿಕೆ.

ಸೋರಿಕೆ ಜೋರಾಗಿದ್ದರೆ ಇಡೀ ಹೊಂಡಕ್ಕೆ ಅಂಟುಮಣ್ಣು ಹಾಸಲು ಹೋಗಬೇಡಿ. ಅರ್ಧ ಎಕರೆಗೆ ಒಂದಡಿ ದಪ್ಪ ಅಂದರೆ, ತುಳಿದಾಗ ಕುಗ್ಗುವ ಲೆಕ್ಕವೂ ಸೇರಿ, 100 ಘನ ಅಡಿಯ 250 ಟ್ರಾಕ್ಟರ್ ಲೋಡು ದಾಟುತ್ತದೆ, ಆ ಮಣ್ಣು ತೆಗೆದ ಕಡೆ ಇನ್ನೊಂದು ಹೊಂಡ! ತಗ್ಗಿನ ಮೂಲೆಯೊಂದರಲ್ಲಿ 40 ಅಡಿ ಚೌಕ, 6 ಅಡಿ ಆಳದ ಗುಂಡಿ ಮಾಡಿ, ಪಕ್ಕಗಳನ್ನು 1:2 (ಒಂದಡಿ ಆಳಕ್ಕೆ ಎರಡಡಿ ಅಡ್ಡ) ಇಳಿಜಾರಾಗಿಸಿ, ಅದಕ್ಕಷ್ಟೇ ಹಾಸಿ. ಅಂಥ 23 ಲೋಡು ಸಾಕು. ನವೆಂಬರ್‌ನಿಂದ ಮೇವರೆಗೆ ಸುಮಾರು ಮೂರಡಿ ಆರಿಹೋದರೂ ತಳದಲ್ಲಿ ನೀರು ಉಳಿಯುತ್ತದೆ. ಉಳಿದ ಹೊಂಡದಲ್ಲಿ ಇಂಗುವ ನೀರು ಇಂಗಲಿ, ಕೆಳಗಿನ ತೋಟದ ಬಾವಿಗೆ ಅದೇ ಆಧಾರ.

ಮಣ್ಣಿನ ಪರೀಕ್ಷೆಗೆ ಪ್ರಯೋಗಾಲಯ ಬೇಡ. ಒದ್ದೆ ಮಣ್ಣನ್ನು ಹೊಸೆದು ಕೋಡುಬಳೆ ಮಾಡಿ. ಬಳೆ ಬಿರಿಯದಿದ್ದರೆ ಆ ಮಣ್ಣು ಆದೀತು. ಬಿರಿದರೆ ಮರಳು ಹೆಚ್ಚು. ಆರಿಂಚಿನ ಎರಡು ಪದರವಾಗಿ ಹರಡಿ, ನೀರು ಚಿಮುಕಿಸಿ, ಪ್ರತಿ ಪದರದ ಮೇಲೆ ಟ್ರಾಕ್ಟರನ್ನು ಎಂಟು-ಹತ್ತು ಸಲ ಓಡಾಡಿಸಿ. ಬಹಳ ಜನ ಎಡವುವುದು ಇದರ ನಂತರ: ಏಪ್ರಿಲ್‌ನಲ್ಲಿ ಹಾಸಿ ಮಳೆಗೆ ಕಾಯುತ್ತಾರೆ, ಒಂದು ವಾರದ ಬಿಸಿಲಿಗೆ ಬಿರುಕು ಬಿಟ್ಟು ಪಟ್ಟ ಪಾಡೆಲ್ಲ ನೀರುಪಾಲು. ಹಾಸಿದ ದಿನವೇ ಮೇಲೆ ಆರಿಂಚು ಗ್ರಾವೆಲ್ ಮುಚ್ಚಿಬಿಡಿ. ದನದ ಗೊರಸು ತೂರಿ ತೂತಾಗುವುದೂ ತಪ್ಪುತ್ತದೆ. ಪ್ಲಾಸ್ಟಿಕ್ ಹಾಳೆ ಬೇಡವೇ ಬೇಡ. ನೀರು ಕುಡಿಯಲು ಇಳಿದ ಜಿಂಕೆ, ಮೊಲ ಜಾರಿ, ಹತ್ತಲಾಗದೆ ಸಾಯುತ್ತವೆ.

ಹೊಂಡದ ಗೋಡೆಗಳನ್ನೆಲ್ಲ ಸಮ ಮಾಡಬೇಡಿ. ಒಂದು ಬದಿ 1:4 ಇಳಿಜಾರಿನ ದಾರಿ ಇರಲಿ. ಜಾನುವಾರು, ಮಕ್ಕಳು ಬಿದ್ದರೂ ಹತ್ತಿ ಬರಲು ಇದು ಬೇಕೇ ಬೇಕು. ಇನ್ನೊಂದು ಬದಿಯಲ್ಲಿ ಇಪ್ಪತ್ತಡಿ ಉದ್ದದ ಮೆತ್ತನೆ ಮಣ್ಣಿನ ನೆಟ್ಟಗಿನ ದರೆಯನ್ನು ಹಾಗೇ ಬಿಡಿ. ಮಿಂಚುಳ್ಳಿ, ಕಳ್ಳಿಪೀರಗಳು ಬಿಲ ಕೊರೆದು ಮರಿ ಮಾಡುವುದು ಇಂಥ ಕಡೆಯೇ. ಮಳೆಗಾಲದಲ್ಲಿ ದರೆಯ ಅಂಚು ಕುಸಿಯುವುದರಿಂದ ಬೇಲಿಯನ್ನು ಆರಡಿ ಹಿಂದೆ ಹಾಕಿ. ಹೆಚ್ಚಾದ ನೀರಿಗೆ ಕೋಡಿ ಗಟ್ಟಿ ನೆಲದ ಮೇಲೆಯೇ ಇರಲಿ, ತುಂಬಿದ ಮಣ್ಣಿನ ಮೇಲಲ್ಲ.

ಕಪ್ಪೆಗಳಿಗೆ ದೊಡ್ಡ ಗುಂಡಿಗಿಂತ ಪಕ್ಕದ ಸಣ್ಣ ಗುಂಡಿಗಳೇ ಮುಖ್ಯ. ಒಂದಡಿ ಆಳ, ಹತ್ತಡಿ ಅಗಲದ ಮೂರ್ನಾಲ್ಕು ಮಾಡಿ. ವರ್ಷಕ್ಕೊಮ್ಮೆ ಒಣಗುವುದರಿಂದ ಮೀನು ನಿಲ್ಲುವುದಿಲ್ಲ, ಗೊದಮೊಟ್ಟೆಗಳು ಉಳಿಯುತ್ತವೆ. ಯಾರಾದರೂ ತಿಲಾಪಿಯಾ ತಂದು ಬಿಡುತ್ತೇನೆಂದರೆ ಕೈಮುಗಿದು ಕಳಿಸಿ.

ದಡದಲ್ಲಿ ಹೊಳೆಮತ್ತಿ, ಅತ್ತಿ, ನೇರಳೆ, ಕೇದಗೆ ನೆಡಿ. ಅಕೇಶಿಯಾ ಬೇಡ. ಗಟ್ಟಿ ಜಂಬಿಟ್ಟಿಗೆಯಲ್ಲಿ ತೋಡಿದ ಸಸಿಗುಂಡಿ ಆಷಾಢದಲ್ಲಿ ಬೋಗುಣಿಯಂತೆ ನೀರು ತುಂಬಿಕೊಂಡು ಬೇರು ಕೊಳೆಯುತ್ತದೆ. ಆ ನೀರು ಹೊರಹೋಗಲು ಇಳಿಜಾರಿನ ಬದಿಗೆ ಒಂದು ಕಾಲುವೆ ಸೀಳಿ. ಜಾಗ ಸೊಪ್ಪಿನಬೆಟ್ಟವಾಗಿದ್ದರೆ (ಅಡಿಕೆ ತೋಟಕ್ಕೆ ಸೊಪ್ಪು ತರಲು ಬಿಟ್ಟ ಕಾಡು) ಅರಣ್ಯ ಇಲಾಖೆಯ ಒಪ್ಪಿಗೆಯಿಲ್ಲದೆ ಗುದ್ದಲಿ ಹಾಕಬೇಡಿ.

ಮಂಡಗದ್ದೆ, ಗುಡವಿ ಪಕ್ಷಿಧಾಮಗಳಂತೆ ಹಕ್ಕಿಗಳ ಹಿಂಡು ಬಂದು ಗೂಡು ಕಟ್ಟೀತೆಂದು ಕಾಯಬೇಡಿ, ಅವಕ್ಕೆ ನೀರಿನ ನಡುವಿನ ಮರಗಳು ಬೇಕು. ಬರುವುದು ಕೊಳದ ಬಕ, ಹುಂಡುಕೋಳಿ, ಅದೃಷ್ಟವಿದ್ದರೆ ಗುಳುಮುಳುಕ.

ಮೊದಲ ವರ್ಷ ನೀರು ಹಾಲಿನಂತೆ ಬೆಳ್ಳಗಿದ್ದರೆ ಹೆದರಬೇಡಿ, ನಾಲ್ಕೈದು ಕಟ್ಟು ಭತ್ತದ ಹುಲ್ಲು ಹಾಕಿದರೆ ಕೆಸರು ತಳ ಸೇರುತ್ತದೆ. ಎರಡನೇ ಮಳೆಗಾಲಕ್ಕೂ ತಿಳಿಯಾಗದಿದ್ದರೆ ನೀರು ಒಳಬರುವ ದಾರಿಯಲ್ಲಿ ಶೇಡಿ ಕೊಚ್ಚಿ ಬರುತ್ತಿದೆ ಎಂದರ್ಥ. ಅಲ್ಲಿ ಕಲ್ಲು ಜೋಡಿಸಿ, ಮೇಲ್ಬದಿಗೆ ಸಾಲಾಗಿ ಲಾವಂಚ ನೆಡಿ.