ಪ್ರೊಸೆಸರು ಯಾತಕ್ಕೆ ಕಾಯ್ತಾ ಕೂತಿದೆ?

ತೀರ್ಥಹಳ್ಳಿ ಕಡೆ ಇರೋ ನಮ್ಮಕ್ಕನ ಮಗ ಈ ಸಲ ಅಡಿಕೆ ದುಡ್ಡು ಬಂದಿದ್ದೇ ತಡ, ಮನೇಲೇ ಒಂದು ಡೆಸ್ಕ್‌ಟಾಪ್ ಜೋಡಿಸ್ತೀನಿ ಅಂತ ಹೊರಟು ವಾಟ್ಸಾಪಲ್ಲಿ ಲಿಸ್ಟ್ ಕಳಿಸಿದ. ಮೊದಲನೇ ಸಾಲೇ ಕೋರ್ ಐ9-13900ಕೆ, ಇಂಟೆಲ್ ಕಂಪನಿಯ ದೊಡ್ಡ ಪ್ರೊಸೆಸರು, ಅಂದ್ರೆ ಕಂಪ್ಯೂಟರಿನ ಲೆಕ್ಕವೆಲ್ಲ ಮಾಡೋ ಚಿಪ್ಪು. ಬಜೆಟ್ ಎಷ್ಟೋ ಅಂದ್ರೆ 60 ಸಾವಿರ. "ಮಾವ, ಪ್ರೊಸೆಸರ್ ಒಂದು ಗಟ್ಟಿ ಇದ್ರೆ ಉಳಿದಿದ್ದು ಹೆಂಗೋ ಆಗ್ತದೆ" ಅಂದ. ಎಂತ ಆಗ್ತದೆ ಮಾರಾಯ, ಅಷ್ಟು ದುಡ್ಡು ಪ್ರೊಸೆಸರಿಗೂ ಅದರ ಮದರ್‌ಬೋರ್ಡಿಗೂ ಸರಿಹೋಗ್ತದೆ, ಉಳಿದಿದ್ದಕ್ಕೆ ಮುಂದಿನ ವರ್ಷದ ಕೊಯ್ಲೇ ಗತಿ. ಅವನ ಕೆಲಸನಾದ್ರೂ ಎಂತದು, ಯಕ್ಷಗಾನ ಆಟಕ್ಕೆ ಹೋಗಿ ಮೊಬೈಲಲ್ಲಿ ರೆಕಾರ್ಡ್ ಮಾಡ್ಕೊಂಡು ಬಂದು ಎಡಿಟ್ ಮಾಡಿ ಹಾಕೋದು, ಆಮೇಲೆ ರಾತ್ರಿ ಒಂದೆರಡು ತಾಸು ಗೇಮು.

ನಾನೇನು ಇಂಜಿನಿಯರ್ ಅಲ್ಲ, ಶಿವಮೊಗ್ಗದಲ್ಲಿ ಕೂತು ನೆಂಟರಿಷ್ಟರ ಕಂಪ್ಯೂಟರ್ ಬಿಚ್ಚೋದು ಜೋಡಿಸೋದು ಮಾಡ್ತಾ ಬಂದೋನು ಅಷ್ಟೆ. ಆದ್ರೆ ಇಷ್ಟು ವರ್ಷದಲ್ಲಿ ಒಂದು ಗೊತ್ತಾಗಿದೆ. ನಮ್ಮ ಮನೆಗಳಲ್ಲಿರೋ ಪ್ರೊಸೆಸರು ಕೆಲಸ ಮಾಡೋದಕ್ಕಿಂತ ಸುಮ್ನೆ ಕಾಯ್ತಾ ಕೂರೋದೇ ಜಾಸ್ತಿ. ಹಂಗಾಗಿ ಯಾವ ಪ್ರೊಸೆಸರ್ ಅಂತ ಕೇಳೋ ಮುಂಚೆ ಅದು ಯಾತಕ್ಕೆ ಕಾಯ್ತದೆ ಅಂತ ನೋಡ್ಬೇಕು.

4 ಗಿಗಾಹರ್ಟ್ಜ್ ಪ್ರೊಸೆಸರ್ ಅಂದ್ರೆ ಸೆಕೆಂಡಿಗೆ 400 ಕೋಟಿ ಸಲ ಟಿಕ್ ಅನ್ನೋ ಗಡಿಯಾರ. ಒಂದು ಟಿಕ್ ಮುಗಿಯೋದ್ರೊಳಗೆ ಬೆಳಕು ಕೂಡ ಏಳೂವರೆ ಸೆಂಟಿಮೀಟರ್ ಮಾತ್ರ ಹೋಗಿರ್ತದೆ. ಇದನ್ನ ತಲೇಲಿ ಇಟ್ಕೊಳೋದು ಕಷ್ಟ, ಅದಕ್ಕೆ ಒಂದು ಟಿಕ್ಕನ್ನ ಒಂದು ಸೆಕೆಂಡ್ ಅಂತ ಎಳೆದು ನೋಡಿ. ಆಗಾಗ ಬೇಕಾಗೋ ಡೇಟಾ ಕೈಗೆ ಸಿಗೋ ಹಾಗೆ ಇಟ್ಕೊಳ್ಳೋಕೆ ಪ್ರೊಸೆಸರ್ ಒಳಗೇ ಇರೋ ಸಣ್ಣ ಮೆಮೊರಿಗೆ ಕ್ಯಾಶೆ ಅಂತಾರೆ, ಎಲ್1, ಎಲ್2, ಎಲ್3 ಅಂತ ಮೂರು ಹಂತ. ಎಲ್1 ಕ್ಯಾಶೆಯಿಂದ ಡೇಟಾ ಬರೋಕೆ ನಾಲ್ಕೈದು ಸೆಕೆಂಡು, ಒಗ್ಗರಣೆ ಡಬ್ಬಿಯಿಂದ ಸಾಸಿವೆ ತಗೊಂಡಷ್ಟೇ. ಎಲ್2ಗೆ ಹದಿನೈದು ಸೆಕೆಂಡು ಹತ್ತಿರ, ಗೋಡೆ ಕಪಾಟು ಅನ್ಕೊಳ್ಳಿ. ಎಲ್3ಗೆ ಮುಕ್ಕಾಲು ನಿಮಿಷದ ಮೇಲೆ, ಅದು ಒಳಗಿನ ಉಗ್ರಾಣ. ರ್‍ಯಾಮಿಗೆ ಹೋದ್ರೆ, ಅಂದ್ರೆ ಕೆಲಸ ನಡೆಯೋವಾಗ ಡೇಟಾ ಇಟ್ಕೊಳ್ಳೋ ಮೆಮೊರಿಗೆ, ಐದು ನಿಮಿಷ, ನಮ್ಮ ಮಲೆನಾಡಲ್ಲಿ ಪಕ್ಕದ ಮನೆ ಅಂದ್ರೂ ಒಂದು ತೋಟ ದಾಟ್ಬೇಕಲ್ಲ, ಅಲ್ಲಿಗೆ ಹೋಗಿ ಕಡ ತಂದ ಹಾಗೆ. ಎಸ್‌ಎಸ್‌ಡಿಗೆ (ಫೈಲೆಲ್ಲ ಇಡೋ, ತಿರುಗೋ ಭಾಗ ಇಲ್ಲದ ಡ್ರೈವು) ಹೆಚ್ಚುಕಮ್ಮಿ ಮೂರು ದಿನ, ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ನಡ್ಕೊಂಡು ಹೋಗಿ ಸಾಸಿವೆ ಕಟ್ಟಿಸ್ಕೊಂಡು ವಾಪಸ್ ನಡ್ಕೊಂಡೇ ಬಂದ ಲೆಕ್ಕ. ಇನ್ನು ಹಳೇ ತಿರುಗೋ ಹಾರ್ಡ್ ಡಿಸ್ಕು ಇದ್ರೆ? ಒಂದು ವರ್ಷ ಮೂರು ತಿಂಗಳು! ಅಷ್ಟರೊಳಗೆ ಸಾಸಿವೆ ಬಿತ್ತಿ ಕೊಯ್ದು ಮತ್ತೊಂದ್ಸಲ ಬಿತ್ತಬಹುದು.

"ಕಂಪ್ಯೂಟರ್ ಸ್ಲೋ ಆಗಿದೆ, ಹೊಸ ಪ್ರೊಸೆಸರ್ ಹಾಕ್ಬೇಕಾ" ಅಂತ ಕೇಳ್ಕೊಂಡು ಬರೋರಿಗೆ ಮುಕ್ಕಾಲು ಪಾಲು ನಾನು ಎಸ್‌ಎಸ್‌ಡಿ ಹಾಕಿ ಕಳ್ಸೋದು ಇದಕ್ಕೇ.

ಕಾಯೋ ಹೊತ್ತು ದಂಡ ಆಗ್ಬಾರ್ದು ಅಂತ ಕಂಪನಿಗಳೂ ಏನೇನೋ ಮಾಡಿವೆ. 6 ಕೋರ್ 12 ಥ್ರೆಡ್ ಅಂತ ಬರೆದಿರ್ತಾರಲ್ಲ, ಕೋರ್ ಅಂದ್ರೆ ಪ್ರೊಸೆಸರ್ ಒಳಗೆ ಲೆಕ್ಕ ಮಾಡೋ ಭಾಗ, ಥ್ರೆಡ್ ಅಂದ್ರೆ ಅದು ಒಟ್ಟಿಗೆ ಹಿಡ್ಕೊಳ್ಳೋ ಕೆಲಸ, ಹಂಗಾಗಿ ಅದು ಆರೇ ಜನ ಅಡುಗೆಯೋರು, ಒಬ್ಬೊಬ್ಬರು ಎರಡೆರಡು ಒಲೆ ನೋಡ್ಕೊಳ್ಳೋದು, ಒಂದರಲ್ಲಿ ಬೇಳೆ ಬೇಯೋವರೆಗೆ ಇನ್ನೊಂದಕ್ಕೆ ಒಗ್ಗರಣೆ. ಅಡುಗೆಯೋರು ಹನ್ನೆರಡು ಜನ ಅಂತ ಲೆಕ್ಕ ಹಾಕಿದ್ರೆ ಮೋಸ ಹೋದ್ರಿ.

ಗಿಗಾಹರ್ಟ್ಜ್ ಹುಚ್ಚು ನಮ್ಮ ಕಾಲದ್ದು. 2000ದಲ್ಲಿ ಪೆಂಟಿಯಂ 4 ಬಂದಾಗ ಒಂದೂವರೆ ಗಿಗಾಹರ್ಟ್ಜ್, 2004ಕ್ಕೆ 3.8, ಹಿಂಗೇ ಹೋದ್ರೆ ಹತ್ತಕ್ಕೆ ಮುಟ್ತದೆ ಅನ್ನೋ ಮಾತು. ಅದೇ ವರ್ಷ ಇಂಟೆಲ್‌ನೋರು 4 ಗಿಗಾಹರ್ಟ್ಜಿನ ಪೆಂಟಿಯಂ 4ನ್ನ ಕೈಬಿಟ್ರು. ಅಲ್ಲಿಂದ 20 ವರ್ಷ ಒದ್ದಾಡಿದ್ರೂ ಆರರ ಆಸುಪಾಸಿಗೆ ಬಂದಿರೋದು. ಕಾರಣ ಬಿಸಿ. ಐಬಿಎಂನ ರಾಬರ್ಟ್ ಡೆನಾರ್ಡ್ 1974ರಲ್ಲಿ ಒಂದು ಲೆಕ್ಕ ತೋರ್ಸಿದ್ರು, ಟ್ರಾನ್ಸಿಸ್ಟರ್ (ಚಿಪ್ಪಿನೊಳಗಿನ ಪುಟ್ಟ ಸ್ವಿಚ್ಚು) ಸಣ್ಣ ಮಾಡ್ತಾ ಹೋದ್ರೆ ಅದಕ್ಕೆ ಬೇಕಾದ ವೋಲ್ಟೇಜೂ ಇಳೀತದೆ, ಹಂಗಾಗಿ ಅಷ್ಟೇ ಜಾಗಕ್ಕೆ ಜಾಸ್ತಿ ತುಂಬಿದ್ರೂ ಬಿಸಿ ಅಷ್ಟೇ ಇರ್ತದೆ ಅಂತ. (ನಾವು ದಿನಾ ಬಳಸೋ ಡಿರ್‍ಯಾಮ್ ಮೆಮೊರಿ ಕಂಡುಹಿಡಿದೋರೂ ಇವರೇ.) ಮೂವತ್ತು ವರ್ಷ ಆ ಲೆಕ್ಕ ನಡೀತು, ಆಮೇಲೆ ವೋಲ್ಟೇಜ್ ಇಳಿಯೋದು ನಿಂತೋಯ್ತು, ಯಾಕಂದ್ರೆ ತೀರಾ ಇಳಿಸಿದ್ರೆ ಟ್ರಾನ್ಸಿಸ್ಟರ್ ಆಫ್ ಇದ್ದಾಗ್ಲೂ ಕರೆಂಟ್ ಸೋರೋಕೆ ಶುರು. ಹಂಗಂತ ವೋಲ್ಟೇಜ್ ಏರಿಸಿ ಸ್ಪೀಡ್ ತೆಗೀತೀನಿ ಅಂದ್ರೆ ವೋಲ್ಟೇಜ್ ದುಪ್ಪಟ್ಟಾದಾಗ ಕರೆಂಟ್ ಖರ್ಚು ನಾಲ್ಕು ಪಟ್ಟು.

ಸರಿ ಸ್ಪೀಡ್ ಆಗಲ್ಲ ಅಂದ್ರೆ ಕೋರ್ ಜಾಸ್ತಿ ಮಾಡೋಣ ಅಂತ ಹೊರಟ್ರು. ಅಲ್ಲೂ ಕಾಯೋದು ತಪ್ಪಲಿಲ್ಲ. ಅಡಿಕೆ ಸುಲಿಯೋ ಮನೇಲಿ ಹುಟ್ಟಿದೋರಿಗೆ ಇದನ್ನ ಹೇಳಿಕೊಡೋದೇ ಬೇಡ. ಒಬ್ಬರೇ ಮೆಟ್ಟುಗತ್ತಿ ಮುಂದೆ ಕೂತು ಸುಲಿದ್ರೆ ಹತ್ತು ತಾಸು, ಆಮೇಲೆ ಹಂಡೇಲಿ ಬೇಯೋಕೆ ಮೂರು ತಾಸು ಅನ್ನಿ, ಒಟ್ಟು ಹದಿಮೂರು. ಐದು ಜನ ಕೂತ್ರೆ ಸುಲಿಯೋದು ಎರಡು ತಾಸಿಗೆ ಇಳೀತದೆ, ಒಟ್ಟು ಐದು. ಹತ್ತು ಜನಕ್ಕೆ ನಾಲ್ಕು. ಇಪ್ಪತ್ತು ಜನ ಕರೆದು ಕಾಫಿ ತಿಂಡಿ ಎಲ್ಲ ಕೊಟ್ರೂ ಮೂರೂವರೆ, ಹಂಡೆ ಒಂದೇ ತಾನೆ. ಕಂಪ್ಯೂಟರ್ ವಿನ್ಯಾಸ ಮಾಡ್ತಿದ್ದ ಜೀನ್ ಆಮ್ಡಾಲ್ ಅನ್ನೋರು 1967ರಲ್ಲೇ ಈ ಮಾತನ್ನ ಕಂಪ್ಯೂಟರಿಗೆ ಹೇಳಿದ್ರು, ಹಂಚೋಕಾಗದೆ ಇರೋ ಪಾಲು ಎಷ್ಟಿದ್ಯೋ ಅದಕ್ಕಿಂತ ಕಮ್ಮಿ ಟೈಮಲ್ಲಿ ಎಷ್ಟು ಕೋರ್ ಹಾಕಿದ್ರೂ ಮುಗಿಯಲ್ಲ ಅಂತ. ವಿಡಿಯೋ ಎಕ್ಸ್‌ಪೋರ್ಟು ಸುಲಿಯೋ ಥರದ ಕೆಲಸ, ಹಂಚ್ಕೋಬಹುದು. ಗೇಮಲ್ಲಿ ಹಂಡೆ ದೊಡ್ಡದು, ಅಂದ್ರೆ ಹಂಚೋಕಾಗದ ಪಾಲು ಜಾಸ್ತಿ. ಬ್ರೌಸರ್, ವರ್ಡು, ಟ್ಯಾಲಿ ಇವಕ್ಕೆಲ್ಲ ನಾಲ್ಕು ಒಳ್ಳೇ ಕೋರ್ ಧಾರಾಳ ಸಾಕು, ನನ್ನ ಪ್ರಕಾರ ಅದಕ್ಕಿಂತ ಜಾಸ್ತಿ ಕೊಡೋದು ದಂಡ.

ಗೇಮಿನ ವಿಷಯಕ್ಕೆ ಒಂದು ಚಂದದ ಉದಾಹರಣೆ ಇದೆ. 2022ರಲ್ಲಿ ಇಂಟೆಲ್‌ಗೆ ಎದುರಾಳಿ ಕಂಪನಿ ಎಎಂಡಿಯೋರು ರೈಜನ್ 7 5800ಎಕ್ಸ್3ಡಿ ಅನ್ನೋ ಪ್ರೊಸೆಸರ್ ತಂದ್ರು. ಹಳೇ 5800ಎಕ್ಸಿಗೂ ಇದಕ್ಕೂ ಕೋರ್ ಎಂಟೆಂಟೇ, ಸ್ಪೀಡ್ ಅಂತೂ 4.7ರಿಂದ 4.5ಕ್ಕೆ ಇಳಿದಿತ್ತು, ಆದ್ರೆ ಚಿಪ್ಪಿನ ಮೇಲೆ ಇನ್ನೊಂದು ಚಿಪ್ ಕೂರಿಸಿ ಎಲ್3 ಕ್ಯಾಶೆಯನ್ನ 32 ಎಂಬಿಯಿಂದ 96ಕ್ಕೆ ಏರಿಸಿದ್ರು. ಗೇಮಲ್ಲಿ ಹಳೇದನ್ನ ಹಿಂದೆ ಹಾಕ್ತು. ಉಗ್ರಾಣ ದೊಡ್ಡದಾಯ್ತು, ಪಕ್ಕದ ಮನೆಗೆ ಓಡೋದು ಕಮ್ಮಿ ಆಯ್ತು, ಅಷ್ಟೇ ಕತೆ.

ಇನ್ನು ಐ3, ಐ5, ಐ7 ಅನ್ನೋ ಸ್ಟಿಕರ್ ನೋಡಿ ತಗೊಳ್ಳೋರಿಗೆ ಒಂದು ಮಾತು. ಸೆಕೆಂಡ್ ಹ್ಯಾಂಡಲ್ಲಿ ಐ7 ಅಂತ ಮಾರೋ ಪೆಟ್ಟಿಗೆಗಳಲ್ಲಿ ಎಷ್ಟೋ ಸಲ 2011ರ ಐ7-2600 ಇರ್ತದೆ. 4 ಕೋರ್ 8 ಥ್ರೆಡ್, 3.4 ಗಿಗಾಹರ್ಟ್ಜ್. ಈಚಿನ ಐ3-12100 ಕೂಡ 4 ಕೋರ್ 8 ಥ್ರೆಡ್, 3.3 ಗಿಗಾಹರ್ಟ್ಜಿಂದ ಶುರು, ಕಾಗದದ ಮೇಲೆ ಅಣ್ಣತಮ್ಮಂದಿರ ಥರ ಕಾಣ್ತವೆ, ಆದ್ರೆ ಒಂದೊಂದು ಟಿಕ್ಕಿಗೆ ಹೊಸದು ಮಾಡೋ ಕೆಲಸ ಎಷ್ಟೋ ಜಾಸ್ತಿ, ಹಳೇ ಐ7 ಹತ್ತಿರನೂ ಬರಲ್ಲ. ಐ ಮುಂದಿನ ನಂಬರಿಗಿಂತ ಆಮೇಲೆ ಬರೋ ಜನರೇಷನ್ ನಂಬರ್ (2600ರಲ್ಲಿ 2, 12100ರಲ್ಲಿ 12) ಮೊದಲು ಓದಿ. ಕೊನೇ ಅಕ್ಷರನೂ ಬಿಡ್ಬೇಡಿ. ಒಂದ್ಸಲ ಪೇಟೇಲಿ ಒಂದು ಅಂಗಡಿಯೋರು ಐನೂರು ರೂಪಾಯಿ ಕಮ್ಮಿ ಅಂತ 12400ಎಫ್ ಕೊಟ್ಟು ಕಳ್ಸಿದ್ರು, ನಾನೂ ನೋಡದೆ ತಂದೆ, ಎಲ್ಲ ಜೋಡಿಸಿ ಸ್ವಿಚ್ ಹಾಕಿದ್ರೆ ಫ್ಯಾನ್ ತಿರುಗ್ತದೆ ಸ್ಕ್ರೀನ್ ಕಪ್ಪು. ಎರಡು ರ್‍ಯಾಮ್ ಬದಲಾಯ್ಸಿ, ಕೇಬಲ್ ಬೈದು, ರಾತ್ರಿ ಹನ್ನೊಂದಕ್ಕೆ ಹೊಳೀತು, ಇಂಟೆಲ್‌ನಲ್ಲಿ ಎಫ್ ಅಂದ್ರೆ ಒಳಗಿನ ಗ್ರಾಫಿಕ್ಸ್ ಇಲ್ಲ, ಬೇರೆ ಕಾರ್ಡ್ ಹಾಕ್ಲೇಬೇಕು.

ನಮ್ಮ ಕಡೆಯೋರು ಕರೆಂಟ್ ಲೆಕ್ಕನೂ ಹಾಕ್ಬೇಕು. 1035 ಮೆಗಾವ್ಯಾಟಿನ ಶರಾವತಿ ವಿದ್ಯುದಾಗಾರ ನಮ್ಮ ಜಿಲ್ಲೇಲೇ ಇದೆ, ಆದ್ರೂ ಜೋರು ಗಾಳಿಗೆ ಒಂದು ಮರ ಲೈನ್ ಮೇಲೆ ಬಿದ್ರೆ ಎರಡು ದಿನ ಕತ್ತಲೆ. ಮನೆಗಳಲ್ಲಿ ಸಾಮಾನ್ಯವಾಗಿ ಇಡೋದು 600 ವಿಎ ಯುಪಿಎಸ್, ಅದು ಎಳೆಯೋದು 360 ವ್ಯಾಟ್ ಆಜುಬಾಜು. ಐ9-13900ಕೆ ಪೂರ್ತಿ ಓಡುವಾಗ ಅದೊಂದೇ 253 ವ್ಯಾಟ್ ತಗೊಳ್ಳುತ್ತೆ, 200 ವ್ಯಾಟಿನ ಗ್ರಾಫಿಕ್ಸ್ ಕಾರ್ಡ್ ಸೇರಿಸಿದ್ರೆ ಕರೆಂಟ್ ಹೋದ ತಕ್ಷಣ ಯುಪಿಎಸ್ಸೂ ಕೀ ಅಂತ ಕೂಗಿ ಮಲಗ್ತದೆ. ಅದೂ ಅಲ್ದೆ ಆ 13, 14ನೇ ಜನರೇಷನ್ನಿನ ದೊಡ್ಡ ಚಿಪ್ಪುಗಳು ಅತಿ ವೋಲ್ಟೇಜಿಂದ ಹಾಳಾಗ್ತಿದ್ದಿದ್ದನ್ನ 2024ರಲ್ಲಿ ಇಂಟೆಲ್ ಒಪ್ಕೊಂಡು ವಾರಂಟಿ ಎರಡು ವರ್ಷ ಜಾಸ್ತಿ ಮಾಡ್ತು, ಬಯಾಸ್ ಅಪ್‌ಡೇಟೂ ಕೊಡ್ತು. ಮಳೆಗಾಲದ ಥಂಡಿಗೆ ಹೆದರೋರು ಜಾಸ್ತಿ, ಅದರಲ್ಲಿ ಅರ್ಧ ಸುಮ್ನೆ ಭಯ, ದಿನಾ ಸ್ವಲ್ಪ ಹೊತ್ತು ಓಡೋ ಕಂಪ್ಯೂಟರ್ ರೂಮಿಗಿಂತ ಬೆಚ್ಚಗಿರೋದ್ರಿಂದ ತಾನೇ ಒಣಗಿರ್ತದೆ, ವಾರಗಟ್ಟಲೆ ಆಫ್ ಮಾಡಿ ಮೂಲೇಲಿ ಇಟ್ಟಿದ್ದಕ್ಕೇ ತುಕ್ಕು ಹಿಡಿಯೋದು. ನನಗೆ ಥಂಡಿಗಿಂತ ಕಾಟ ಕೊಟ್ಟಿರೋದು ಯುಎಸ್‌ಬಿ ತೂತಲ್ಲಿ ಮಣ್ಣಿನ ಗೂಡು ಕಟ್ಟೋ ಕಣಜ.

ಅಕ್ಕನ ಮಗನಿಗೆ ಕೊನೆಗೆ ಹಾಕಿಸಿದ್ದು ಐ5-12400, ಎಫ್ ಇಲ್ಲದ್ದು. 6 ಕೋರ್, ಎಷ್ಟೇ ಎಳೆದ್ರೂ 117 ವ್ಯಾಟ್. ರೈಜನ್ 5 5600 ಕೂಡ ಒಳ್ಳೇದೇ, ಬರೀ ಗೇಮಿಗಾದ್ರೆ ಅದನ್ನೇ ಹಾಕಿಸ್ತಿದ್ದೆ, ಆದ್ರೆ ಅದರಲ್ಲಿ ಒಳಗಿನ ಗ್ರಾಫಿಕ್ಸ್ ಇಲ್ಲ. ಇಂಟೆಲ್ ಗ್ರಾಫಿಕ್ಸಲ್ಲಿ ಕ್ವಿಕ್ ಸಿಂಕ್ ಅಂತ ವಿಡಿಯೋ ಬಿಚ್ಚೋಕೆ ಕಟ್ಟೋಕೆ ಅಂತಲೇ ಒಂದು ಭಾಗ ಇರ್ತದೆ, ಮೊಬೈಲ್ ವಿಡಿಯೋ ಎಡಿಟ್ ಮಾಡೋನಿಗೆ ಅದು ನಾಲ್ಕು ಕೋರ್ ಜಾಸ್ತಿ ಇದ್ದಷ್ಟು ಉಪಕಾರ. ಉಳಿದ ದುಡ್ಡಲ್ಲಿ 32 ಜಿಬಿ ರ್‍ಯಾಮ್, ಒಂದು ಟಿಬಿ ಎಸ್‌ಎಸ್‌ಡಿ, ಒಳ್ಳೇ ಪವರ್ ಸಪ್ಲೈ. ಗ್ರಾಫಿಕ್ಸ್ ಕಾರ್ಡು ಮುಂದಿನ ಕೊಯ್ಲಿಗೆ.

ಹೋದ ವಾರ ಫೋನ್ ಮಾಡಿದ್ದ. ಒಂದು ಪ್ರಸಂಗದ ವಿಡಿಯೋ ಇಪ್ಪತ್ತು ನಿಮಿಷಕ್ಕೆ ಎಕ್ಸ್‌ಪೋರ್ಟ್ ಆಯ್ತಂತೆ, ಭಾರೀ ಖುಷಿ. "ಮತ್ತೆ ಹಾಕಿದ್ಯೇನೋ" ಅಂದೆ. "ಇಲ್ಲ ಮಾವ, ನಿನ್ನೆ ರಾತ್ರಿಯಿಂದ ಅಪ್‌ಲೋಡ್ ಆಗ್ತಾನೇ ಇದೆ, ಹದಿಮೂರು ಪರ್ಸೆಂಟ್" ಅಂದ.